ಕೆರ್ಮಾನಿನ ಮಗ್ಗದಿಂದ ಇಸ್ಫಹಾನಿನ ಗಿರಣಿಯವರೆಗೆ: ಎರಡು ಮಹಾಯುದ್ಧಗಳ ನಡುವಿನ ಪರ್ಶಿಯಾ ಪ್ರಾಂತ್ಯಗಳು

ಈ ಕಾಲವನ್ನು ಓದಲು ಕೂತವರು ಸಾಮಾನ್ಯವಾಗಿ ಟೆಹರಾನಿನಿಂದ ಶುರು ಮಾಡುತ್ತೇವೆ. 1921ರ ಫೆಬ್ರವರಿಯಲ್ಲಿ ಸೇನಾಧಿಕಾರಿ ರೆಜಾ ಖಾನ್ ಸೈನ್ಯದೊಂದಿಗೆ ರಾಜಧಾನಿಗೆ ನುಗ್ಗಿದ್ದು, 1925ರ ಕೊನೆಗೆ ಅವನೇ ಷಾ ಆದದ್ದು, ಆಮೇಲೆ ರೈಲು, ರಸ್ತೆ, ಕಾರ್ಖಾನೆ. ಹೀಗೆ ಓದಿದರೆ ಪ್ರಾಂತ್ಯಗಳೆಲ್ಲ ರಾಜಧಾನಿಯ ಆಜ್ಞೆಗೆ ಕಾಯುತ್ತ ಕೂತ ಊರುಗಳಂತೆ ಕಾಣುತ್ತವೆ. ಅದು ಸರಿಯಲ್ಲ. ಅದಕ್ಕೇ ಈ ಟಿಪ್ಪಣಿಯನ್ನು ದೇಶದ ಆಗ್ನೇಯ ಮೂಲೆಯ ಕೆರ್ಮಾನಿನಿಂದ ಶುರು ಮಾಡುತ್ತಿದ್ದೇನೆ. (ಹೊರದೇಶಗಳು ‘ಇರಾನ್’ ಎಂದೇ ಕರೆಯಬೇಕೆಂದು ಸರ್ಕಾರ ಕೇಳಿಕೊಂಡದ್ದು 1935ರಲ್ಲಿ. ಇಲ್ಲಿ ಎರಡು ಹೆಸರೂ ಬರುತ್ತವೆ.)

1923ರ ಒಂದು ಆಜ್ಞೆ

ಕೆರ್ಮಾನ್ ರತ್ನಗಂಬಳಿಗೆ ಹೆಸರಾದ ಊರು. ಗಂಬಳಿ ವ್ಯಾಪಾರಿ ಉಣ್ಣೆ, ಬಣ್ಣ, ನಕ್ಷೆ ಮತ್ತು ಮುಂಗಡ ಹಣವನ್ನು ‘ಉಸ್ತಾದ್’ ಎಂಬ ಮೇಸ್ತ್ರಿಗೆ ಕೊಡುತ್ತಿದ್ದ. ಉಸ್ತಾದ್ ಅದರಲ್ಲಿ ಒಂದು ಪಾಲನ್ನು ಬಡ ಕುಟುಂಬಗಳಿಗೆ ಮುಂಗಡವಾಗಿ ಕೊಟ್ಟು ಅವರ ಮಕ್ಕಳನ್ನು ಮಗ್ಗಕ್ಕೆ ಕೂರಿಸುತ್ತಿದ್ದ. ಸಾಲ ತೀರುವವರೆಗೆ ಮಗು ಮಗ್ಗ ಬಿಡುವಂತಿಲ್ಲ. ಕೂಲಿ ಎಷ್ಟು ಕಡಿಮೆಯೆಂದರೆ ಸಾಲ ತೀರುವುದೂ ಇಲ್ಲ. ಒಬ್ಬ ನಕ್ಷೆಯನ್ನು ರಾಗವಾಗಿ ಓದಿ ಹೇಳುತ್ತಾನೆ, ಈ ಬಣ್ಣದ್ದು ಇಷ್ಟು ಗಂಟು, ಆ ಬಣ್ಣದ್ದು ಇಷ್ಟು. ಪುಟ್ಟ ಬೆರಳುಗಳು ಅದರಂತೆ ಗಂಟು ಹಾಕುತ್ತ ಹೋಗುತ್ತವೆ. ಗಾಳಿ ಬೆಳಕಿಲ್ಲದ ತೇವದ ಕೋಣೆಗಳಲ್ಲಿ ಮುದುರಿ ಕೂತ ಮಕ್ಕಳ ಕೈಕಾಲಿನ ಮೂಳೆ ಸೊಟ್ಟಗಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಮುಂದೆ ಹೆರಿಗೆಯೇ ಪ್ರಾಣಕ್ಕೆ ಬರುತ್ತಿತ್ತು. ಊರಿನ ಆಸ್ಪತ್ರೆಯಲ್ಲಿದ್ದ ಮಿಷನರಿ ವೈದ್ಯರು ಇದನ್ನು ಕಣ್ಣಾರೆ ಕಂಡಿದ್ದರು.

ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಕಚೇರಿ ಈ ವಿಷಯ ಎತ್ತಿಕೊಂಡಿತು. ಪರ್ಶಿಯಾ ಸ್ವತಃ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಸದಸ್ಯ ದೇಶವಾಗಿದ್ದರಿಂದ ಸುಮ್ಮನಿರುವಂತಿರಲಿಲ್ಲ. 1923ರಲ್ಲಿ ಕೆರ್ಮಾನಿನ ಗವರ್ನರ್ ಒಂದು ಆಜ್ಞೆ ಹೊರಡಿಸಿದ: ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು, 8 ವರ್ಷಕ್ಕಿಂತ ಚಿಕ್ಕ ಹುಡುಗರನ್ನೂ 10 ವರ್ಷಕ್ಕಿಂತ ಚಿಕ್ಕ ಹುಡುಗಿಯರನ್ನೂ ಸೇರಿಸಿಕೊಳ್ಳಬಾರದು, ಶುಕ್ರವಾರ ರಜೆ ಕೊಡಬೇಕು, ನೆಲಮಾಳಿಗೆಯ ತೇವದ ಕೋಣೆಗಳಲ್ಲಿ ಮಗ್ಗ ಹೂಡಬಾರದು.

ಎಂಟು ವರ್ಷದ ಮಗುವಿಗೆ ಎಂಟು ಗಂಟೆಯ ದುಡಿಮೆ ಎನ್ನುವುದು ಸುಧಾರಣೆ ಎನಿಸಿಕೊಂಡಿತು ಎಂಬಲ್ಲಿ ನಾನು ಪ್ರತಿ ಸಲವೂ ಓದು ನಿಲ್ಲಿಸುತ್ತೇನೆ. ಹಿಂದೆ ಎಂಥ ಸ್ಥಿತಿ ಇದ್ದಿರಬೇಕು ಎಂದು ಆ ಅಂಕಿಯೇ ಹೇಳುತ್ತದೆ.

ಸಂಸತ್ತು ಮಾಡಬೇಕಾದ ಕಾನೂನನ್ನು ಗವರ್ನರ್ ಯಾಕೆ ಮಾಡಿದ? ಅಲ್ಲಿನ ಸಂಸತ್ತಿಗೆ ‘ಮಜ್ಲಿಸ್’ ಎನ್ನುತ್ತಾರೆ. ಅದರ ಕೈಯಲ್ಲಿ ಆಗ ಯಾವ ಕಾರ್ಮಿಕ ಕಾನೂನೂ ಇರಲಿಲ್ಲ, ಪ್ರಾಂತ್ಯದೊಳಗೆ ಗವರ್ನರನ ಮಾತೇ ಶಾಸನವಾಗಿತ್ತು. ಆದರೆ ಮಾತನ್ನು ಜಾರಿಗೆ ತರಲು ಅವನ ಬಳಿ ತಪಾಸಣೆಯ ಸಿಬ್ಬಂದಿ ಇರಲಿಲ್ಲ. ಮಗ್ಗಗಳು ಊರ ತುಂಬ ಮನೆಮನೆಗಳಲ್ಲಿ ಚದುರಿದ್ದವು. ದೊಡ್ಡ ಕಾರ್ಖಾನೆಗಳು ಏಳುವ ಮೊದಲಿನ ಪರ್ಶಿಯಾದಲ್ಲಿ ಆಡಳಿತದ ಬಲವೇನು, ದೌರ್ಬಲ್ಯವೇನು ಎಂಬುದು ಈ ಒಂದೇ ಪ್ರಕರಣದಲ್ಲಿ ಸಿಗುತ್ತದೆ.

ಗವರ್ನರನ ಕೈ ಹೇಗೆ ಕಟ್ಟಿಹಾಕಲಾಯಿತು

ರೆಜಾ ಷಾನಿಗೆ ಮೊದಲು ಆಳಿದ ಕಜಾರ್ ದೊರೆಗಳ ಕಾಲದಲ್ಲಿ ಗವರ್ನರ್ ಹುದ್ದೆ ಸಿಗಬೇಕಾದರೆ ಷಾನಿಗೆ ‘ಪೇಷ್‌ಕಷ್’ ಎಂಬ ಕಾಣಿಕೆ ಹಣ ಸಲ್ಲಿಸಬೇಕಿತ್ತು. ಮೈಸೂರು ಇತಿಹಾಸ ಓದಿದವರಿಗೆ ಈ ಪದ ಹೊಸತಲ್ಲ. ಕೊಟ್ಟ ಹಣವನ್ನು ಗವರ್ನರ್ ರೈತರಿಂದ ವಸೂಲು ಮಾಡಿಕೊಳ್ಳುತ್ತಿದ್ದ. ತೆರಿಗೆಯ ಲೆಕ್ಕ ‘ಮುಸ್ತೌಫಿ’ಗಳ ಕೈಯಲ್ಲಿತ್ತು. ಅವರು ‘ಸಿಯಾಕ್’ ಎಂಬ ವಿಶಿಷ್ಟ ಲಿಪಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಆ ವಿದ್ಯೆ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಹೊರಗಿನವನಿಗೆ ಆ ದಫ್ತರ ಅರ್ಥವೇ ಆಗದು. 1907ರ ಪ್ರಾಂತ್ಯ ಕಾನೂನು ಸ್ಥಳೀಯ ಸಭೆಗಳಿಗೆ ಅಧಿಕಾರ ಕೊಡಲು ಯತ್ನಿಸಿತ್ತು. ಆದರೆ ಯುದ್ಧ, ಬರ, ಪರಕೀಯ ಸೈನ್ಯಗಳ ನಡುವೆ ಅದು ಕಾಗದದಲ್ಲೇ ಉಳಿಯಿತು.

1922ರಲ್ಲಿ ಅಮೆರಿಕದ ಆರ್ಥರ್ ಮಿಲ್ಸ್‌ಪೋ ಹಣಕಾಸಿನ ಹೊಣೆ ಹೊತ್ತು ಬಂದ. 1927ರವರೆಗೆ ಇದ್ದ. ಅವನ ವ್ಯವಸ್ಥೆಯಲ್ಲಿ ಪ್ರಾಂತ್ಯದ ತೆರಿಗೆ ಅಧಿಕಾರಿ ಗವರ್ನರನಿಗಲ್ಲ, ಟೆಹರಾನಿಗೆ ಉತ್ತರ ಕೊಡಬೇಕಾಯಿತು. ಹೀಗೆ ಹಣದ ಚೀಲ ಗವರ್ನರನಿಂದ ಜಾರಿತು. ಅದೇ ಹೊತ್ತಿಗೆ ಕತ್ತಿಯೂ ಜಾರಿತು: ಹೊಸ ಸೈನ್ಯದ ವಿಭಾಗಗಳು ತಬ್ರೀಜ್, ಹಮದಾನ್, ಇಸ್ಫಹಾನ್, ಮಷ್‌ಹದ್ ಮುಂತಾದೆಡೆ ನೆಲೆಯೂರಿದವು, 1920ರ ದಶಕದಲ್ಲಿ ಗವರ್ನರನಿಗಿಂತ ಸೇನಾಧಿಪತಿಯ ಮಾತೇ ಹೆಚ್ಚು ನಡೆಯಿತು. ನೈಋತ್ಯದಲ್ಲಿ ತನ್ನದೇ ಆಡಳಿತ ನಡೆಸುತ್ತಿದ್ದ, ಮೊಹಮ್ಮರಾ ಎಂಬ ಊರಿನ ಶೇಖ್ ಖಜಲ್ 1924ರಲ್ಲಿ ಶರಣಾದ. 1925ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂತು, ಪ್ರತಿಯೊಬ್ಬನೂ ಮನೆತನದ ಹೆಸರು ನೋಂದಾಯಿಸಬೇಕಾಯಿತು.

ಕಡೆಯ ಹೆಜ್ಜೆ 1937ರ ನವೆಂಬರಿನ ಕಾನೂನು. ಅದನ್ನು ಎರಡೇ ತಿಂಗಳಲ್ಲಿ ತಿದ್ದಿ ದೇಶವನ್ನು 10 ‘ಓಸ್ತಾನ್’ಗಳಾಗಿಯೂ (ಪ್ರಾಂತ್ಯ) 49 ‘ಶಹ್ರಿಸ್ತಾನ್’ಗಳಾಗಿಯೂ (ಜಿಲ್ಲೆ) ಹಂಚಿದರು. ಓಸ್ತಾನಿಗೆ ಓಸ್ತಾನ್‌ದಾರ್, ಶಹ್ರಿಸ್ತಾನಿಗೆ ಫರ್ಮಾನ್‌ದಾರ್, ಅದರ ಕೆಳಗಿನ ಬಖ್ಷ್‌ಗೆ ಬಖ್ಷ್‌ದಾರ್. ಎಲ್ಲರೂ ಗೃಹ ಸಚಿವಾಲಯದ ನೌಕರರು. ತಹಸೀಲ್ದಾರ, ಶಿರಸ್ತೇದಾರರನ್ನು ಬಲ್ಲ ನಮಗೆ ಆ ‘ದಾರ್’ ಪ್ರತ್ಯಯ ಕಿವಿಗೆ ಪರಿಚಿತವೇ. ಗಮನಿಸಬೇಕಾದದ್ದು ಹೆಸರುಗಳನ್ನು: ಅಜರ್‌ಬೈಜಾನ್, ಫಾರ್ಸ್, ಖುರಾಸಾನ್ ಎಂಬ ಸಾವಿರಾರು ನೆನಪಿನ ಹೆಸರುಗಳ ಬದಲಿಗೆ ಪ್ರಾಂತ್ಯಗಳಿಗೆ ಸಂಖ್ಯೆ ಬಂತು. ಫಾರ್ಸ್ ಏಳನೆಯ ಓಸ್ತಾನ್, ಖುರಾಸಾನ್ ಒಂಬತ್ತನೆಯದು, ಇಸ್ಫಹಾನ್ ಹತ್ತನೆಯದು. ಅಜರ್‌ಬೈಜಾನನ್ನು ಮೂರನೆಯದು, ನಾಲ್ಕನೆಯದು ಎಂದು ಎರಡಾಗಿ ಒಡೆದರು. ಸಂಖ್ಯೆಗೆ ಅಭಿಮಾನ ಹುಟ್ಟುವುದಿಲ್ಲ, ಬಂಡಾಯವೂ ಹುಟ್ಟುವುದಿಲ್ಲ ಎಂಬುದೇ ಲೆಕ್ಕಾಚಾರ ಎಂದು ನನಗನಿಸುತ್ತದೆ. ಹಳ್ಳಿಯಲ್ಲಿ ಮಾತ್ರ ಹಳೆಯದೇ ಉಳಿಯಿತು. 1935ರ ಕಾನೂನಿನಂತೆ ‘ಕದ್‌ಖುದಾ’, ಅಂದರೆ ಊರ ಮುಖ್ಯಸ್ಥ, ಜಮೀನ್ದಾರ ಸೂಚಿಸಿ ಸರ್ಕಾರ ಒಪ್ಪಿದವನೇ ಆಗಿದ್ದ.

ಚಹಾ, ಸಕ್ಕರೆ ಮತ್ತು ರೈಲು

ರೈಲುಹಾದಿಯನ್ನು ವಿದೇಶಿ ಸಾಲವಿಲ್ಲದೆ ಕಟ್ಟಬೇಕೆಂದು ಹಟ. ಹಣಕ್ಕಾಗಿ 1925ರಲ್ಲಿ ಚಹಾ, ಸಕ್ಕರೆಯ ವ್ಯಾಪಾರವನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು ತೆರಿಗೆ ಹಾಕಿತು: ಒಂದು ‘ಮನ್’ ಸಕ್ಕರೆಗೆ 2 ಕ್ರಾನ್, ಚಹಾಕ್ಕೆ 6 ಕ್ರಾನ್. ಮನ್ ಎಂದರೆ ಸುಮಾರು 3 ಕಿಲೊ, ಕ್ರಾನ್ ಆಗಿನ ನಾಣ್ಯ. ಬಡವನ ಊಟವೆಂದರೆ ರೊಟ್ಟಿ ಮತ್ತು ಸಿಹಿ ಚಹಾ ಆಗಿದ್ದ ದೇಶದಲ್ಲಿ ಈ ತೆರಿಗೆ ಯಾರ ಮೇಲೆ ಬಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. 1927ರಲ್ಲಿ ಶುರುವಾಗಿ 1938ರಲ್ಲಿ ಮುಗಿದ, 1394 ಕಿಲೊಮೀಟರ್ ಉದ್ದದ ಹಾದಿ ಕ್ಯಾಸ್ಪಿಯನ್ ತೀರದ ಬಂದರ್ ಷಾದಿಂದ ಪರ್ಶಿಯನ್ ಕೊಲ್ಲಿಯ ಬಂದರ್ ಷಾಪುರದವರೆಗೆ ಸಾಗಿತು. ಆದರೆ ತಬ್ರೀಜ್, ಮಷ್‌ಹದ್, ಇಸ್ಫಹಾನ್, ಶೀರಾಜ್, ಕೆರ್ಮಾನ್ ಯಾವುದನ್ನೂ ಮುಟ್ಟಲಿಲ್ಲ. ಆ ಊರುಗಳ ಕೂಲಿಕಾರ ಪ್ರತಿ ಲೋಟ ಚಹಾದಲ್ಲಿ ರೈಲಿಗೆ ದುಡ್ಡು ಕೊಟ್ಟ, ರೈಲು ಅವನ ಊರಿಗೆ ಬರಲಿಲ್ಲ. ಪೂರ್ವ-ಪಶ್ಚಿಮ ಮಾರ್ಗವೇ ದೇಶಕ್ಕೆ ಲಾಭ ಎಂದು ಮಜ್ಲಿಸಿನಲ್ಲಿ ವಾದಿಸಿದವರಲ್ಲಿ ಮುಂದೆ ಪ್ರಧಾನಿಯಾದ ಮೊಸದ್ದಿಕ್ ಒಬ್ಬ.

ಅದೇ ಸಕ್ಕರೆಯನ್ನು ದೇಶದಲ್ಲೇ ತಯಾರಿಸುವ ಆಸೆಯೂ ಇತ್ತು. 1895ರಲ್ಲಿ ಬೆಲ್ಜಿಯನ್ನರು ಕಟ್ಟಿ ಮುಚ್ಚಿಹೋಗಿದ್ದ ಕಹ್ರಿಜಕ್ ಕಾರ್ಖಾನೆಯನ್ನು 1930ರ ದಶಕದ ಆರಂಭದಲ್ಲಿ ಮತ್ತೆ ತೆರೆದರು, ಕರಜ್, ವರಾಮಿನ್, ಮರ್ವ್‌ದಷ್ತ್, ಮಿಯಾಂದುಆಬ್ ಮುಂತಾದೆಡೆ ಹೊಸವು ಎದ್ದವು. ಎಲ್ಲವೂ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವಂಥವು. ಚಹಾದ ಕಥೆಗೆ ಭಾರತದ ನಂಟಿದೆ: ಬ್ರಿಟಿಷ್ ಭಾರತದಲ್ಲಿ ಪರ್ಶಿಯಾದ ಕಾನ್ಸುಲ್ ಆಗಿದ್ದ ಕಾಷೆಫ್ ಅಲ್-ಸಲ್ತನೆ ಕಾಂಗ್ಡಾದಲ್ಲಿ ಬೇಸಾಯ ಕಲಿತು, 1900ರ ಸುಮಾರಿಗೆ ಸಸಿಗಳನ್ನು ಗಿಲಾನಿನ ಲಾಹಿಜಾನಿಗೆ ಒಯ್ದ. ಎಲೆ ಸಂಸ್ಕರಿಸುವ ಕಾರ್ಖಾನೆ ಅಲ್ಲಿಗೆ ಬಂದದ್ದು 1930ರ ದಶಕದಲ್ಲಿ.

ಮೂರು ಊರು, ಮೂವರು ಧಣಿಗಳು

ಮಾಜಂದರಾನ್ ಷಾನ ಹುಟ್ಟೂರಿನ ಪ್ರಾಂತ್ಯ. ಅಲ್ಲಿನ ಫಲವತ್ತಾದ ಜಮೀನನ್ನು ಬೆದರಿಕೆಯಿಂದಲೂ ಕಡ್ಡಾಯ ಮಾರಾಟದಿಂದಲೂ ಅವನು ತನ್ನ ಹೆಸರಿಗೆ ಮಾಡಿಕೊಂಡ. ಷಾಹಿ, ಬೆಹ್‌ಷಹ್ರ್‌ಗಳಲ್ಲಿ ಹತ್ತಿ ಗಿರಣಿ, ಚಾಲೂಸಿನಲ್ಲಿ ರೇಷ್ಮೆ ಕಾರ್ಖಾನೆ. ಇಲ್ಲಿ ರಾಜ್ಯ ಮತ್ತು ರಾಜ ಎಂಬ ಗೆರೆಯೇ ಅಳಿಸಿಹೋಗಿತ್ತು.

ಇಸ್ಫಹಾನ್ ಬೇರೆಯೇ ದಾರಿ ಹಿಡಿಯಿತು, ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇದು. ಇಲ್ಲಿ ದುಡ್ಡು ಹಾಕಿದವರು ವರ್ತಕರು. ಮ್ಯಾಂಚೆಸ್ಟರ್ ಬಟ್ಟೆಯಿಂದ ಊರ ನೇಕಾರರು ಹಾಳಾದದ್ದನ್ನು ಕಂಡಿದ್ದ ಕಾಜರೂನಿ ಮನೆತನದ ಮೊಹಮ್ಮದ್ ಹುಸೇನ್ 19ನೇ ಶತಮಾನದ ಕೊನೆಯಲ್ಲೇ ಸ್ವದೇಶಿ ಬಟ್ಟೆಯ ಸಂಸ್ಥೆ ಕಟ್ಟಿದವರಲ್ಲಿ ಒಬ್ಬ. 1920ರ ದಶಕದ ನಡುವಿನಲ್ಲಿ ‘ವತನ್’ ಉಣ್ಣೆ ಗಿರಣಿ ಹುಟ್ಟಿತು. 1928ರಲ್ಲಿ ಅಫೀಮು ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಯಿತು, 1931ರಲ್ಲಿ ವಿದೇಶಿ ವ್ಯಾಪಾರವೇ ಸರ್ಕಾರದ ಹಿಡಿತಕ್ಕೆ ಬಂತು. ಹಳೆಯ ಕಸುಬು ಮುಚ್ಚಿದ ವರ್ತಕರ ಹಣ ಗಿರಣಿಗಳತ್ತ ಹರಿಯಿತು. ಜಾಯಂದೆ ರೂದ್, ರೀಸ್‌ಬಾಫ್ ಮೊದಲಾದ ಗಿರಣಿಗಳು ಸಾಲಾಗಿ ಎದ್ದು ಊರಿಗೆ ‘ಇರಾನಿನ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು.

1931ರ ಮೇ ತಿಂಗಳಲ್ಲಿ ವತನ್ ಗಿರಣಿಯ ಸುಮಾರು 500 ಕಾರ್ಮಿಕರು ಮುಷ್ಕರ ಹೂಡಿದರು. ಮುಂದಾಳುಗಳು ಜೈಲಿಗೆ ಹೋದರು, ಆದರೂ ಕೂಲಿ ಹೆಚ್ಚಿತು, ಕೆಲಸದ ವೇಳೆ ಒಂಬತ್ತು ಗಂಟೆಗೆ ಇಳಿಯಿತು. ಮರುತಿಂಗಳೇ ಸಮಷ್ಟಿವಾದಿ, ಅಂದರೆ ಕಮ್ಯುನಿಸ್ಟ್ ಬಗೆಯ, ಸಂಘಟನೆಗಳನ್ನು ಅಪರಾಧವೆಂದು ಸಾರುವ ಕಾನೂನು ಬಂತು. 1936ರ ಕಾರ್ಖಾನೆ ನಿಯಮಾವಳಿ ಶುಚಿತ್ವದ ಬಗ್ಗೆ ಮಾತಾಡಿತು, ಮುಷ್ಕರವನ್ನು ನಿಷೇಧಿಸಿತು.

ಮೂರನೆಯದು ಖುಜಿಸ್ತಾನ್. 1908ರಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ತೈಲ ಸಿಕ್ಕಿತು, ಅಬಾದಾನ್‌ನಲ್ಲಿ ಸಂಸ್ಕರಣಾಗಾರ ಎದ್ದಿತು. ಅಲ್ಲಿ ಬ್ರಿಟಿಷ್ ತೈಲ ಕಂಪನಿಯೇ ಸರ್ಕಾರ. ಬ್ರಿಟಿಷ್ ಭಾರತದಿಂದಲೂ ಕೆಲಸಗಾರರನ್ನು ಕರೆತಂದಿದ್ದರು. 1929ರ ಮುಷ್ಕರ, 1933ರ ಹೊಸ ಒಪ್ಪಂದ ಪ್ರತ್ಯೇಕವಾಗಿ ಓದಬೇಕಾದವು.

ಹೋಲಿಕೆಗೆ ಒಂದು ಎಳೆ: 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ ಶೀರಾಜಿನಿಂದ ಬೆಂಗಳೂರಿಗೆ ಕುದುರೆ ವ್ಯಾಪಾರಕ್ಕೆ ಬಂದವರು. ರೆಜಾ ಷಾ ಆಳಿದ ವರ್ಷಗಳೂ ಬಹುತೇಕ ಅವೇ. ಮರ್ವ್‌ದಷ್ತಿನ ಬೀಟ್ ಸಕ್ಕರೆ ಕಾರ್ಖಾನೆಯನ್ನೂ ಮಂಡ್ಯದ ಕಬ್ಬಿನ ಸಕ್ಕರೆ ಕಾರ್ಖಾನೆಯನ್ನೂ ಅಕ್ಕಪಕ್ಕ ಇಟ್ಟು, ಬಂಡವಾಳ ಯಾರದು, ಬೆಳೆಗಾರನಿಗೆ ನೀರು ಎಲ್ಲಿಂದ ಎಂದು ಕೇಳುತ್ತ ಓದಿ ನೋಡಿ.

1941ರ ಆಗಸ್ಟಿನಲ್ಲಿ ಬ್ರಿಟನ್, ಸೋವಿಯತ್ ಸೈನ್ಯಗಳು ಒಳನುಗ್ಗಿದವು. ಸೆಪ್ಟೆಂಬರ್ 16ರಂದು ಷಾ ಸಿಂಹಾಸನ ಬಿಟ್ಟ. ಜೈಲಿನ ಬಾಗಿಲು ತೆರೆದ ಮೇಲೆ ಕಾರ್ಮಿಕ ಸಂಘಗಳು ಬಲವಾಗಿ ಬೇರೂರಿದ ಊರುಗಳಲ್ಲಿ ಇಸ್ಫಹಾನ್ ಒಂದು. ಇಡೀ ದೇಶಕ್ಕೆ ಅನ್ವಯಿಸುವ ಕಾರ್ಮಿಕ ಕಾನೂನು ಬಂದದ್ದು 1946ರಲ್ಲಿ, ಕೆರ್ಮಾನಿನ ಆ ಆಜ್ಞೆ ಹೊರಟು 23 ವರ್ಷಗಳಾದ ಮೇಲೆ.