ಟ್ಯೂಬ್ ಕೀಳುವ ಮುನ್ನ ಸ್ಪೀಕರ್ ನೋಡಿ

ಗಿಟಾರ್ ಆಂಪ್‌ನ ನಾದ ಹಿಡಿಸದಿದ್ದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಟ್ಯೂಬ್‌ಗಳ (ಸಿಗ್ನಲ್ ಹಿಗ್ಗಿಸುವ ನಿರ್ವಾತ ಕೊಳವೆಗಳ) ಕಡೆಗೆ. ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರೆ ಆಯಿತು, ಬೆಸುಗೆಯ ರಗಳೆಯಿಲ್ಲ. ಆದರೆ ಸುಸ್ಥಿತಿಯಲ್ಲಿರುವ ಒಂದು 12ಎಎಕ್ಸ್7 (ಆಂಪ್‌ನ ಮೊದಲ ಹಂತಗಳ ಸಾಮಾನ್ಯ ಟ್ಯೂಬ್) ತೆಗೆದು ಇನ್ನೊಂದು ಕಂಪನಿಯ 12ಎಎಕ್ಸ್7 ಹಾಕಿದಾಗ ಸಿಗುವ ವ್ಯತ್ಯಾಸ ಎಷ್ಟೋ ಸಲ ಟ್ರೆಬಲ್ ನಾಬ್ ಅನ್ನು ಒಂದು ಗೆರೆ ತಿರುಗಿಸಿದಷ್ಟೂ ಇರುವುದಿಲ್ಲ. ಅದೇ ಆಂಪ್ ಅನ್ನು ಬೇರೆ ಸ್ಪೀಕರ್‌ಗೆ ಜೋಡಿಸಿದರೆ ಪಕ್ಕದ ಕೋಣೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಪರಿಣಾಮದ ಲೆಕ್ಕದಲ್ಲಿ ನಾನು ಇಡುವ ಕ್ರಮ ಇದು: ಸ್ಪೀಕರ್, ಕ್ಯಾಬಿನೆಟ್, ಔಟ್‌ಪುಟ್ ಹಂತದ ಸರ್ಕ್ಯೂಟ್, ಆಮೇಲೆ ಟ್ಯೂಬ್‌ನ ಮಾದರಿ, ಕಟ್ಟಕಡೆಗೆ ಟ್ಯೂಬ್‌ನ ಬ್ರಾಂಡ್.

ಇದಕ್ಕೆ ಒಳ್ಳೆಯ ಸಾಕ್ಷಿ ಎರಡು ಪ್ರಸಿದ್ಧ ಆಂಪ್‌ಗಳು. 1962ರಲ್ಲಿ ಹುಟ್ಟಿದ ಮಾರ್ಷಲ್ ಜೆಟಿಎಂ45ರ ಸರ್ಕ್ಯೂಟ್ ಬಹುಮಟ್ಟಿಗೆ ಫೆಂಡರ್ ಬಾಸ್‌ಮನ್ 5ಎಫ್6-ಎ ಮಾದರಿಯ ನಕಲು. ಟೋನ್ ನಿಯಂತ್ರಣಗಳ ಜೋಡಣೆಯೂ ಅದೇ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿದರೆ ಒಂದೇ ಮನೆತನದವು ಅನ್ನಿಸುವುದಿಲ್ಲ. ಬಾಸ್‌ಮನ್‌ನಲ್ಲಿರುವುದು ಹಿಂಬದಿ ತೆರೆದ ಪೆಟ್ಟಿಗೆ, ಅದರಲ್ಲಿ 10 ಇಂಚಿನ ನಾಲ್ಕು ಜೆನ್ಸನ್ ಸ್ಪೀಕರ್‌ಗಳು. ಮಾರ್ಷಲ್ ಜತೆ ಬಂದದ್ದು ಹಿಂಬದಿ ಮುಚ್ಚಿದ ಪೆಟ್ಟಿಗೆ, 12 ಇಂಚಿನ ನಾಲ್ಕು ಸೆಲೆಸ್ಟಿಯನ್‌ಗಳು. ಇದರ ಮೇಲೆ ಮೊದಲ ಹಂತದಲ್ಲಿ 12ಎವೈ7 ಬದಲು ಹೆಚ್ಚು ಗೇನ್ (ಹಿಗ್ಗಿಸುವ ಪ್ರಮಾಣ) ಇರುವ ಇಸಿಸಿ83 (12ಎಎಕ್ಸ್7ನದೇ ಯುರೋಪಿನ ಹೆಸರು), ಕೊನೆಯ ಹಂತದಲ್ಲಿ 5881ರ ಜಾಗಕ್ಕೆ ಸ್ವಲ್ಪ ಕಾಲಾನಂತರ ಬಂದ ಕೆಟಿ66, ಜತೆಗೆ ನೆಗೆಟಿವ್ ಫೀಡ್‌ಬ್ಯಾಕ್ ಅನ್ನು (ಔಟ್‌ಪುಟ್‌ನ ಒಂದು ಪಾಲನ್ನು ತಿರುವಿ ಹಿಂದಿನ ಹಂತಕ್ಕೆ ಮರಳಿಸುವುದು) ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 2 ಓಮ್ ಬದಲು 16 ಓಮ್ ತುದಿಯಿಂದ ತೆಗೆದದ್ದು. ರೆಸಿಸ್ಟರ್‌ಗಳ ಓಮ್ ಅಂಕಿಗಳು ಹೆಚ್ಚೂಕಡಿಮೆ ಅವೇ ಉಳಿದವು, ನಾದ ಮಾತ್ರ ಬೇರೆಯಾಯಿತು.

ಕಾಗದದ ಕೋನ್ ಮಾಡುವ ಕೆಲಸ

ಮನೆಯ ಹೈಫೈ ಸ್ಪೀಕರ್ ಬಂದದ್ದನ್ನು ಬಂದಹಾಗೆ ನುಡಿಯಬೇಕು. ಗಿಟಾರ್ ಸ್ಪೀಕರ್‌ಗೆ ಆ ಹಂಗಿಲ್ಲ. ಅದು ವಾದ್ಯದ್ದೇ ಒಂದು ಭಾಗ. ಸಾಮಾನ್ಯ 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 75 ಹರ್ಟ್ಜ್‌ನಿಂದ 5 ಕಿಲೋಹರ್ಟ್ಜ್‌ವರೆಗೆ ಚೆನ್ನಾಗಿ ನುಡಿದು, ಅಲ್ಲಿಂದಾಚೆ ಕಡಿದಾಗಿ ಇಳಿಯುತ್ತದೆ. ಗಿಟಾರ್‌ನ ದಪ್ಪ ತಂತಿಯ ಮೂಲ ಸ್ವರ 82 ಹರ್ಟ್ಜ್. ಅಂದರೆ ಕೆಳಗಿನ ಮಿತಿಯೂ ವಾದ್ಯಕ್ಕೆ ತಕ್ಕಂತೆಯೇ ಇದೆ. ಡಿಸ್ಟಾರ್ಷನ್ ಎಂದರೆ ಅಲೆಯ ತಲೆ ಕತ್ತರಿಸಿದಂತೆ, ಅದರಿಂದ 10 ಕಿಲೋಹರ್ಟ್ಜ್ ದಾಟಿಯೂ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವೆಲ್ಲ ಕಿವಿಗೆ ಬಿದ್ದರೆ ಕೇಳುವುದು ಬರೀ ಚರಚರ. ಸ್ಪೀಕರ್ ಅವನ್ನು ತಡೆದು ಉಳಿದದ್ದನ್ನು ಹದವಾಗಿಸುತ್ತದೆ. ಆಂಪ್‌ನ ಲೈನ್ ಔಟ್ ಅನ್ನು ಕ್ಯಾಬಿನೆಟ್ ಸಿಮ್ಯುಲೇಶನ್ (ಸ್ಪೀಕರ್ ಪೆಟ್ಟಿಗೆಯ ನಾದವನ್ನು ಅನುಕರಿಸುವ ಫಿಲ್ಟರ್) ಇಲ್ಲದೆ ನೇರ ಮಿಕ್ಸರ್‌ಗೆ ಕೊಟ್ಟಾಗ ಕೇಳುವ ಕರ್ಕಶ ಶಬ್ದಕ್ಕೆ ಕಾರಣ ಇದೇ. ಆಂಪ್ ಕೆಟ್ಟಿರುವುದಿಲ್ಲ, ಸ್ಪೀಕರ್ ಕಾಣೆಯಾಗಿರುತ್ತದೆ.

ಸ್ಪೀಕರ್‌ಗಳ ನಡುವಿನ ಭೇದದ ದೊಡ್ಡ ಪಾಲು 1ರಿಂದ 4 ಕಿಲೋಹರ್ಟ್ಜ್ ನಡುವೆ ಇದೆ. ತಗ್ಗಿನ ಸ್ವರಗಳಲ್ಲಿ ಕೋನ್ ಪೂರ್ತಿ ಒಂದೇ ತುಂಡಾಗಿ ಹಿಂದೆಮುಂದೆ ಚಲಿಸುತ್ತದೆ. ಈ ಭಾಗದಲ್ಲಿ ಹಾಗಲ್ಲ, ಕೋನ್‌ನ ಬೇರೆಬೇರೆ ಭಾಗಗಳು ಬೇರೆಬೇರೆಯಾಗಿ ಕಂಪಿಸುತ್ತವೆ. ಹೈಫೈ ತಯಾರಕರು ತಪ್ಪಿಸಲು ಹೆಣಗುವ ಈ ಗುಣವೇ ಇಲ್ಲಿ ಬೇಕಾದದ್ದು. ಕಾಗದದ ದಪ್ಪ, ಅಂಚಿನ ಮಡಿಕೆ, ನಡುವಿನ ಡಸ್ಟ್ ಕ್ಯಾಪ್‌ನ ಆಕಾರ ಇವೆಲ್ಲ ಅದನ್ನು ತೀರ್ಮಾನಿಸುತ್ತವೆ. ಸೆಲೆಸ್ಟಿಯನ್ ವಿಂಟೇಜ್ 30ಗೆ ಮೇಲಿನ ಮಿಡ್‌ನಲ್ಲಿ (ಮಧ್ಯದ ಸ್ವರಗಳ ಮೇಲ್ಭಾಗ) ಎದ್ದು ಕಾಣುವ ಉಬ್ಬು ಇದೆ. ಬ್ಯಾಂಡ್‌ನ ಗದ್ದಲದಲ್ಲಿ ಗಿಟಾರ್ ಸೀಳಿಕೊಂಡು ಬರುವುದೂ, ಈಗಾಗಲೇ ತೀಕ್ಷ್ಣವಾಗಿರುವ ಆಂಪ್‌ಗೆ ಹಾಕಿದರೆ ಕಿವಿಗೆ ಚುಚ್ಚುವುದೂ ಅದರಿಂದಲೇ. ಅದೇ ಕಂಪನಿಯ ಗ್ರೀನ್‌ಬ್ಯಾಕ್ ಇನ್ನಷ್ಟು ಮೃದು, ಬೇಸ್ ಕೂಡ ಅಷ್ಟು ಗಟ್ಟಿಯಲ್ಲ.

ಕೊಳ್ಳುವವರು ಗಮನಿಸದ ಅಂಕಿ ಒಂದಿದೆ: ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಕೇಳುವ ಮಟ್ಟ. ಸೆಲೆಸ್ಟಿಯನ್‌ನ ಜಿ12ಟಿ-75ಗೆ ಅದು 97 ಡೆಸಿಬೆಲ್, ವಿಂಟೇಜ್ 30ಗೆ 100. ಮೂರೇ ಡೆಸಿಬೆಲ್ ಎಂದು ಕಡೆಗಣಿಸುವಂತಿಲ್ಲ. ಮೂರು ಡೆಸಿಬೆಲ್ ಏರಿಸಬೇಕಾದರೆ ಆಂಪ್‌ನ ವ್ಯಾಟ್ ಇಮ್ಮಡಿಯಾಗಬೇಕು. 20 ವ್ಯಾಟ್‌ನ ಆಂಪ್ ಸದ್ದಿಗೆ ಸಾಲದು ಎಂದು 40 ವ್ಯಾಟ್‌ನದನ್ನು ಹುಡುಕುವ ಬದಲು ಸ್ಪೀಕರ್ ಬದಲಿಸಿದರೆ ಸಾಕಾಗಬಹುದು. ತಿರುಗುಮುರುಗೂ ನಿಜ: ಚಿಕ್ಕ ಕೋಣೆಯಲ್ಲಿ ಆಂಪ್ ಅನ್ನು ಜೋರಾಗಿ ದುಡಿಸಬೇಕೆನ್ನುವವರಿಗೆ ಕಡಿಮೆ ಸೆನ್ಸಿಟಿವಿಟಿಯದೇ ಅನುಕೂಲ. ಒಂದೇ ಪೆಟ್ಟಿಗೆಯಲ್ಲಿ 97 ಮತ್ತು 100ರ ಎರಡು ಮಾದರಿ ಬೆರೆಸಿದರೆ ಎರಡನೆಯದೇ ಮಾತಾಡುತ್ತದೆ, ಮೊದಲನೆಯದು ಹಿನ್ನೆಲೆಗೆ ಸರಿಯುತ್ತದೆ.

ಇನ್ನು ವ್ಯಾಟ್ ತಾಳಿಕೆ. 50 ವ್ಯಾಟ್ ಎಂದು ಬರೆದ ಆಂಪ್ ಪೂರ್ತಿ ಡಿಸ್ಟಾರ್ಟ್ ಆದಾಗ ಅದಕ್ಕಿಂತ ಎಷ್ಟೋ ಹೆಚ್ಚು ಹೊರಡಿಸುತ್ತದೆ. ಒಂದೇ ಸ್ಪೀಕರ್ ಇದ್ದರೆ ಆಂಪ್‌ನ ಇಮ್ಮಡಿ ತಾಳಿಕೆಯದನ್ನು ಆರಿಸುವುದು ಕ್ಷೇಮ. 25 ವ್ಯಾಟ್‌ನ ಒಂದು ಗ್ರೀನ್‌ಬ್ಯಾಕ್ ಅನ್ನು 50 ವ್ಯಾಟ್ ಆಂಪ್‌ಗೆ ಕಟ್ಟಿದರೆ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿಯ ಸುರುಳಿ) ಸುಡುವುದು ಖಚಿತ, ಯಾವತ್ತು ಅನ್ನುವುದಷ್ಟೇ ಪ್ರಶ್ನೆ.

ಪೆಟ್ಟಿಗೆಯ ಹಿಂಬದಿ

ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಅಷ್ಟೇ ಗಾಳಿ ಎಳೆಯುತ್ತದೆ. ಹಿಂಬದಿ ತೆರೆದಿದ್ದರೆ ತಗ್ಗು ಸ್ವರಗಳಲ್ಲಿ ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸುತ್ತದೆ. ಬೇಸ್ ಸಡಿಲವಾಗುತ್ತದೆ, ಬದಲಿಗೆ ಸದ್ದು ಕೋಣೆ ತುಂಬ ಹರಡುತ್ತದೆ. ಇಂಥ ಕಾಂಬೊ ಆಂಪ್ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ಅನ್ನು ಗೋಡೆಗೆ ಅಂಟಿಸಿ ಇಟ್ಟು "ಗುಂಯ್‌ಗುಡುತ್ತದೆ" ಎಂದು ದೂರುವವರು ಮೊದಲು ಅದನ್ನು ಒಂದೆರಡು ಅಡಿ ಮುಂದಕ್ಕೆ ಎಳೆದು ಕೇಳಬೇಕು. ಖರ್ಚಿಲ್ಲದ ಟೋನ್ ಕಂಟ್ರೋಲ್ ಅದು.

ಹಿಂಬದಿ ಮುಚ್ಚಿದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಕೋನ್‌ಗೆ ಸ್ಪ್ರಿಂಗ್‌ನಂತೆ ಒತ್ತು ಕೊಡುತ್ತದೆ. ಬಯಲಿನಲ್ಲಿ 75 ಹರ್ಟ್ಜ್ ಅನುರಣನ (ಕೋನ್ ತಾನಾಗಿಯೇ ಹೆಚ್ಚು ಕಂಪಿಸುವ ಆವರ್ತನ) ಇರುವ ಸ್ಪೀಕರ್‌ನದು ನಾಲ್ಕು ಸ್ಪೀಕರ್‌ಗಳ ಮುಚ್ಚಿದ ಪೆಟ್ಟಿಗೆಯಲ್ಲಿ 100 ಹರ್ಟ್ಜ್ ದಾಟುತ್ತದೆ. ತಂತಿಯನ್ನು ಅಂಗೈಯಿಂದ ಅದುಮಿ ಹೊಡೆದಾಗ ಎದೆಗೆ ತಾಗುವ ಆ ಧಮ್ ಹುಟ್ಟುವುದು ಅಲ್ಲಿ. ಆದರೆ ಪೆಟ್ಟಿಗೆ ನಿಜಕ್ಕೂ ಮುಚ್ಚಿರಬೇಕು. ಜ್ಯಾಕ್ ಪ್ಲೇಟ್ ಅಥವಾ ಹಿಡಿಕೆಯ ಬುಡ ಸಡಿಲವಾಗಿದ್ದರೆ ಅಲ್ಲಿಂದ ಗಾಳಿ ಬುಸುಗುಟ್ಟುತ್ತದೆ, ಇಲ್ಲವೇ ಗಡಗಡ ಅನ್ನುತ್ತದೆ. ಸದ್ದಿನ ಮೂಲ ಹುಡುಕಲು ಫೋನ್‌ನ ಟೋನ್ ಜನರೇಟರ್‌ನಿಂದ 80ರಿಂದ 400 ಹರ್ಟ್ಜ್‌ವರೆಗೆ ನಿಧಾನ ಏರಿಸುತ್ತಾ ಹೋಗಿ. ಗಡಗಡ ಶುರುವಾದ ಕಡೆ ನಿಲ್ಲಿಸಿ, ಹಿಂಬದಿ ಹಲಗೆ, ಹಿಡಿಕೆ, ಗ್ರಿಲ್ ಚೌಕಟ್ಟು, ಮೂಲೆಯ ಲೋಹ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ನಿಂತಿತೋ ಕಳ್ಳ ಅದೇ.

ಮರದ ಬಗ್ಗೆ ಬಹಳ ಮಾತು ಕೇಳುತ್ತೇವೆ. 18 ಮಿಲಿಮೀಟರ್ ಬರ್ಚ್ ಪ್ಲೈವುಡ್ ಗಟ್ಟಿ, ಕಡಿಮೆ ಕಂಪಿಸುತ್ತದೆ. ಪೈನ್ ಹಲಗೆ ತಾನೂ ಕೊಂಚ ನುಡಿಯುತ್ತದೆ. ಎಂಡಿಎಫ್ ಭಾರ, ಮೂಲೆಗಳು ಬೇಗ ಒಡೆಯುತ್ತವೆ. ಭೇದ ಇದೆ, ಆದರೆ ಹಿಂಬದಿ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದರ ಮುಂದೆ ಅದು ಸಣ್ಣದು.

ಕ್ಯಾಬಿನೆಟ್‌ನ ದಿಕ್ಕು ಮಾತ್ರ ಸಣ್ಣ ವಿಷಯವಲ್ಲ. 12 ಇಂಚಿನ ಕೋನ್ 1 ಕಿಲೋಹರ್ಟ್ಜ್‌ಗಿಂತ ಸ್ವಲ್ಪ ಮೇಲಿನಿಂದಲೇ ಸದ್ದನ್ನು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಎಸೆಯತೊಡಗುತ್ತದೆ. ನುಡಿಸುವವರ ಮೊಣಕಾಲಿಗೆ ಬಡಿಯುವ ಟ್ರೆಬಲ್ ಅವರ ಕಿವಿಗೆ ಸಿಗುವುದಿಲ್ಲ. ಮಂಕಾಗಿದೆ ಎಂದು ಅವರು ಟ್ರೆಬಲ್ ಏರಿಸುತ್ತಾರೆ, ಎದುರಿನ ಸಾಲಿನವರ ಕಿವಿ ಕಿತ್ತುಹೋಗುತ್ತದೆ. ಆಂಪ್ ಅನ್ನು ಕಿವಿಯತ್ತ ಓರೆಯಾಗಿ ಇಟ್ಟು, ಆಮೇಲೆ ನಾಬ್‌ಗಳನ್ನು ಮುಟ್ಟಬೇಕು. ಮೈಕ್‌ಗೂ ಇದೇ ನಿಯಮ: ಡಸ್ಟ್ ಕ್ಯಾಪ್‌ನ ನಡುವಿಗೆ ಗುರಿಯಿಟ್ಟರೆ ತೀಕ್ಷ್ಣ, ಅಂಚಿನತ್ತ ಒಂದೆರಡು ಇಂಚು ಸರಿಸಿದರೆ ಮೃದು.

ಟ್ಯೂಬ್ ಮತ್ತು ಸ್ಪೀಕರ್ ಕೈಕುಲುಕುವ ಜಾಗ

8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಗಳಿಗೂ 8 ಓಮ್ ಅಲ್ಲ. ಮಲ್ಟಿಮೀಟರ್‌ನಲ್ಲಿ 6ರಿಂದ 7 ಓಮ್ ತೋರಿಸುತ್ತದೆ. ಅದು ಬರೀ ತಂತಿಯ ರೆಸಿಸ್ಟನ್ಸ್. ನುಡಿಯುವಾಗ ಅನುರಣನದ ಹತ್ತಿರ ಇಂಪೀಡೆನ್ಸ್ (ಆ ಸ್ವರದ ಕರೆಂಟ್‌ಗೆ ಒಡ್ಡುವ ಒಟ್ಟು ತಡೆ) ಹತ್ತಾರು ಓಮ್‌ಗೆ ಜಿಗಿಯುತ್ತದೆ, 400 ಹರ್ಟ್ಜ್ ಆಸುಪಾಸಿನಲ್ಲಿ ಬರೆದ ಅಂಕಿಗೆ ಇಳಿಯುತ್ತದೆ, ಆಮೇಲೆ ಕಾಯಿಲ್‌ನ ಇಂಡಕ್ಟನ್ಸ್‌ನಿಂದ ಮತ್ತೆ ಏರುತ್ತಾ ಹೋಗುತ್ತದೆ. ಟ್ರಾನ್ಸಿಸ್ಟರ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ ಬಹಳ ಕಡಿಮೆ, ಆದ್ದರಿಂದ ಅವು ಈ ಏರಿಳಿತಕ್ಕೆ ಸೊಪ್ಪು ಹಾಕುವುದಿಲ್ಲ. ಇಎಲ್34, ಇಎಲ್84, 6ಎಲ್6 ಎಂಬ ಪವರ್ ಟ್ಯೂಬ್‌ಗಳನ್ನು (ಕೊನೆಯ ಹಂತದವು) ಬಳಸುವ ಟ್ಯೂಬ್ ಆಂಪ್‌ಗಳದು ಹೆಚ್ಚು. ಸ್ಪೀಕರ್‌ನ ಇಂಪೀಡೆನ್ಸ್ ಎಲ್ಲಿ ಏರುತ್ತದೋ ಅಲ್ಲಿ ವೋಲ್ಟೇಜ್ ಕೂಡ ಏರುತ್ತದೆ, ಬೇಸ್ ಮತ್ತು ಟ್ರೆಬಲ್ ತಾವಾಗಿಯೇ ಉಬ್ಬುತ್ತವೆ. ಟ್ಯೂಬ್ ಆಂಪ್‌ನ "ಜೀವ" ಎಂದು ಹೊಗಳುವುದರಲ್ಲಿ ಬಹುಪಾಲು ಇದೇ.

ನೆಗೆಟಿವ್ ಫೀಡ್‌ಬ್ಯಾಕ್ ಈ ಸ್ವಾತಂತ್ರ್ಯಕ್ಕೆ ಲಗಾಮು. ವಾಕ್ಸ್ ಎಸಿ30ರಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ಸ್ಪೀಕರ್ ಬದಲಿಸಿದಾಗ ಅದರಲ್ಲಿ ಕಾಣುವ ವ್ಯತ್ಯಾಸ ಫೀಡ್‌ಬ್ಯಾಕ್ ಇರುವ ಆಂಪ್‌ಗಳಿಗಿಂತ ಹೆಚ್ಚು. ಪ್ರೆಸೆನ್ಸ್ ನಾಬ್ ಮಾಡುವುದೂ ಮೇಲಿನ ಸ್ವರಗಳಲ್ಲಿ ಫೀಡ್‌ಬ್ಯಾಕ್ ಕಡಿಮೆ ಮಾಡುವ ಕೆಲಸವನ್ನೇ. ರೆಸಿಸ್ಟರ್ ಮಾತ್ರ ಇರುವ ಅಗ್ಗದ ಅಟೆನ್ಯುಯೇಟರ್ (ಆಂಪ್‌ಗೂ ಸ್ಪೀಕರ್‌ಗೂ ನಡುವೆ ಇಟ್ಟು ಸದ್ದು ತಗ್ಗಿಸುವ ಸಾಧನ) ಹಾಕಿದಾಗ ಆಂಪ್ ಸಪ್ಪೆಯಾಗುವುದಕ್ಕೆ ಒಂದು ಕಾರಣವೂ ಇಲ್ಲಿದೆ: ಆಂಪ್‌ಗೆ ಕಾಣುವ ಏರಿಳಿತವನ್ನು ಅದು ನೆಲಸಮ ಮಾಡುತ್ತದೆ.

ಜೋಡಣೆಯ ಲೆಕ್ಕ ತಪ್ಪಬಾರದು. 8 ಓಮ್‌ನ ಎರಡು ಪ್ಯಾರಲಲ್ ಆದರೆ 4, ಸೀರೀಸ್ ಆದರೆ 16. 16 ಓಮ್‌ನ ನಾಲ್ಕನ್ನು ಎರಡೆರಡು ಸೀರೀಸ್ ಮಾಡಿ ಆ ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 16. 8 ಮತ್ತು 16ನ್ನು ಪ್ಯಾರಲಲ್ ಮಾಡಿದರೆ 5.3 ಓಮ್, ಆಗ 8 ಓಮ್‌ನದಕ್ಕೆ ಮೂರರಲ್ಲಿ ಎರಡು ಪಾಲು ಶಕ್ತಿ ಹೋಗುತ್ತದೆ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ನುಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಲೋಡ್ ಇಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಟ್ಯೂಬ್ ಸಾಕೆಟ್‌ನಲ್ಲಿ ಕಿಡಿ ಹಾರುತ್ತದೆ, ಇಲ್ಲವೇ ಸುರುಳಿಯ ಇನ್ಸುಲೇಶನ್ ತೂತಾಗುತ್ತದೆ. ಆಂಪ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕುವುದೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ಅದರೊಳಗಿನ ಎಳೆ ತೀರ ತೆಳು. 1.5 ಚದರ ಮಿಲಿಮೀಟರ್‌ನ ಎರಡು ಎಳೆಯ ಸ್ಪೀಕರ್ ವೈರ್ ಬೇಕು.

ಈಗ ಟ್ಯೂಬ್‌ಗಳು

ಬ್ರಾಂಡ್ ಬದಲಿಸುವುದಕ್ಕಿಂತ ಮಾದರಿ ಬದಲಿಸುವುದು ಹೆಚ್ಚು ಫಲ ಕೊಡುತ್ತದೆ. 12ಎಎಕ್ಸ್7ನ ವರ್ಧನಾಂಕ 100, 5751ರದು 70, 12ಎಟಿ7ನದು 60, 12ಎವೈ7ನದು 44. ನಾಲ್ಕೂ ಒಂದೇ ಸಾಕೆಟ್‌ಗೆ ಕೂರುತ್ತವೆ. ಮೊದಲ ಹಂತದಲ್ಲಿ 5751 ಅಥವಾ 12ಎವೈ7 ಹಾಕಿದರೆ ಗೇನ್ ತಗ್ಗಿ, ವಾಲ್ಯೂಮ್ ಎರಡು ದಾಟುತ್ತಲೇ ಚೀರುವ ಆಂಪ್‌ಗೆ ನಾಬ್‌ನಲ್ಲಿ ಜಾಗ ಸಿಗುತ್ತದೆ. ಟ್ಯೂಬ್ ಮೈಕ್ರೊಫೋನಿಕ್ ಆಗಿದೆಯೇ (ಅಲುಗಾಟವನ್ನೇ ಸದ್ದಾಗಿಸುತ್ತಿದೆಯೇ) ನೋಡಲು ವಾಲ್ಯೂಮ್ ಏರಿಸಿ ಪೆನ್ಸಿಲ್‌ನ ಮರದ ತುದಿಯಿಂದ ಮೆಲ್ಲಗೆ ತಟ್ಟಿ. ಮೊದಲ ಹಂತದ್ದು ಸ್ವಲ್ಪ ಟಕ್ ಅನ್ನುವುದು ಸಹಜ. ಗಂಟೆಯಂತೆ ಮೊಳಗಿದರೆ, ತಟ್ಟಿದ ಮೇಲೂ ಕೂಗುತ್ತಿದ್ದರೆ ಬದಲಿಸಬೇಕು.

ಪವರ್ ಟ್ಯೂಬ್‌ಗಳಲ್ಲಿ ಆಟ ಕಡಿಮೆ, ಅಪಾಯ ಹೆಚ್ಚು. ಇಎಲ್34ನ ಹೀಟರ್ (ಟ್ಯೂಬ್ ಕಾಯಿಸುವ ತಂತಿ) 1.5 ಆಂಪಿಯರ್ ಎಳೆಯುತ್ತದೆ, 6ಎಲ್6ಜಿಸಿಯದು 0.9. ಪಿನ್ ಒಂದರ ವೈರಿಂಗ್ ಕೂಡ ಬೇರೆ. 6ಎಲ್6 ಆಂಪ್‌ಗೆ ಇಎಲ್34 ಸುಮ್ಮನೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತದೆ, ಬಯಾಸ್ (ಸದ್ದಿಲ್ಲದಾಗ ಟ್ಯೂಬ್‌ನಲ್ಲಿ ಹರಿಯುವ ಕರೆಂಟ್ ನಿಗದಿಮಾಡುವ ಹೊಂದಿಕೆ) ಕೂಡ ಹೊಂದುವುದಿಲ್ಲ.

ಫಿಕ್ಸೆಡ್ ಬಯಾಸ್ ಆಂಪ್‌ನಲ್ಲಿ (ಬಯಾಸ್‌ಗೆ ಪ್ರತ್ಯೇಕ ನೆಗೆಟಿವ್ ವೋಲ್ಟೇಜ್ ಕೊಡುವಂಥದು) ಹೊಸ ಪವರ್ ಟ್ಯೂಬ್ ಹಾಕಿದಾಗಲೆಲ್ಲ ಬಯಾಸ್ ನೋಡಬೇಕು. ಟ್ಯೂಬ್‌ನ ಪ್ಲೇಟ್ (ಕರೆಂಟ್ ಬಂದು ಸೇರುವ ಲೋಹದ ತಗಡು) ತಾಳುವ ಗರಿಷ್ಠ ವ್ಯಾಟ್‌ನ ಶೇ. 70ನ್ನು ಪ್ಲೇಟ್ ವೋಲ್ಟೇಜ್‌ನಿಂದ ಭಾಗಿಸಿದರೆ ಬಯಾಸ್ ಕರೆಂಟ್‌ನ ಮೇಲಿನ ಮಿತಿ ಸಿಗುತ್ತದೆ. 6ಎಲ್6ಜಿಸಿಗೆ 30 ವ್ಯಾಟ್, ಅದರ ಶೇ. 70 ಎಂದರೆ 21. 450 ವೋಲ್ಟ್‌ಗೆ ಅದು ಸುಮಾರು 47 ಮಿಲಿಆಂಪಿಯರ್. 25 ವ್ಯಾಟ್‌ನ ಇಎಲ್34ಗೆ ಅದೇ ವೋಲ್ಟೇಜ್‌ನಲ್ಲಿ 39. ಕ್ಯಾಥೋಡ್‌ಗೂ (ಟ್ಯೂಬ್‌ನಲ್ಲಿ ಎಲೆಕ್ಟ್ರಾನ್ ಹೊರಡಿಸುವ ಭಾಗ) ಗ್ರೌಂಡ್‌ಗೂ ನಡುವೆ 1 ಓಮ್ ರೆಸಿಸ್ಟರ್ ಇದ್ದರೆ ಮೀಟರ್‌ನ ಒಂದು ಮಿಲಿವೋಲ್ಟ್ ಎಂದರೆ ಒಂದು ಮಿಲಿಆಂಪಿಯರ್. ಅದರಲ್ಲಿ ಸ್ಕ್ರೀನ್ ಎಂಬ ಒಳ ಜಾಲರಿಯ ಕೆಲವು ಮಿಲಿಆಂಪಿಯರ್ ಸೇರಿರುತ್ತದೆ. ಶೇ. 60ರ ಹತ್ತಿರ ನಿಲ್ಲಿಸಿದರೂ ನಾದಕ್ಕೆ ನಷ್ಟವಿಲ್ಲ, ಟ್ಯೂಬ್‌ಗೆ ಆಯುಸ್ಸು. ತೀರ ತಣ್ಣಗಿಟ್ಟರೆ ಸಣ್ಣ ಸದ್ದಿನಲ್ಲಿ ಒಣ ಕೆರೆತ ಕೇಳುತ್ತದೆ, ತೀರ ಬಿಸಿಯಾದರೆ ಪ್ಲೇಟ್ ಕೆಂಪಗೆ ಹೊಳೆಯುತ್ತದೆ. ಕೆಂಪು ಕಂಡ ಕ್ಷಣ ಸ್ವಿಚ್ ಆರಿಸಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಮೇಲ್ಪಟ್ಟು ಉಳಿದಿರಬಹುದು, ಅದು ಕೊಲ್ಲಬಲ್ಲದು. ಅದನ್ನು ರೆಸಿಸ್ಟರ್ ಮೂಲಕ ಬರಿದುಮಾಡಿ ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಲು ಬಾರದವರು ಷಾಸಿ (ಸರ್ಕ್ಯೂಟ್ ಕೂರಿಸಿರುವ ಲೋಹದ ಚೌಕಟ್ಟು) ಬಿಚ್ಚಬಾರದು.

ಸ್ಪೀಕರ್ ಬದಲಿಸುವುದು ಇದಕ್ಕಿಂತ ನಿರಪಾಯ. ಆಂಪ್ ಆರಿಸಿ, ಪ್ಲಗ್ ಕಿತ್ತು, ವೈರ್‌ಗಳ ಜಾಗ ಗುರುತು ಹಾಕಿಕೊಂಡು ಬಿಚ್ಚಿ. ಹೊಸದರ ಟರ್ಮಿನಲ್‌ಗೆ 1.5 ವೋಲ್ಟ್ ಬ್ಯಾಟರಿಯನ್ನು ಅರೆಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಕೋನ್ ಮುಂದಕ್ಕೆ ಬರಬೇಕು. ಒಂದಕ್ಕಿಂತ ಹೆಚ್ಚು ಸ್ಪೀಕರ್ ಇದ್ದರೆ ಎಲ್ಲವೂ ಒಂದೇ ದಿಕ್ಕಿಗೆ ಚಲಿಸಬೇಕು, ಇಲ್ಲದಿದ್ದರೆ ಬೇಸ್ ಮಾಯವಾಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಜಗ್ಗಿ ಬಿಗಿದರೆ ಚೌಕಟ್ಟು ತಿರುಚಿ ಕಾಯಿಲ್ ಉಜ್ಜತೊಡಗುತ್ತದೆ. ಬೆರಳುಗಳನ್ನು ಕೋನ್‌ನ ಸುತ್ತ ಸಮನಾಗಿಟ್ಟು ಹಗುರ ಒತ್ತಿ ನೋಡಿದಾಗ ಕೆರೆತ ಕೇಳಿದರೆ ಸ್ಕ್ರೂ ಸಡಿಲಿಸಿ ಮತ್ತೆ ಕೂರಿಸಿ. ಹೊಸ ಸ್ಪೀಕರ್‌ನ ಅಂಚು ಮೊದಮೊದಲು ಬಿರುಸಾಗಿರುತ್ತದೆ, ಕೆಲವು ಗಂಟೆ ನುಡಿದ ಮೇಲೆ ಬೇಸ್ ಬಿಚ್ಚಿಕೊಂಡು ಟ್ರೆಬಲ್‌ನ ಒರಟು ಇಳಿಯುತ್ತದೆ. ಅಲ್ಲಿಯವರೆಗೆ ಟ್ಯೂಬ್‌ಗಳು ಇದ್ದಲ್ಲೇ ಇರಲಿ.