ದೀಪ ಏಳು ಬಣ್ಣ, ಹಬೆ ಮಾತ್ರ ಅಷ್ಟೇ

ಜೂನ್ ಮಳೆ ಶುರುವಾಯಿತೆಂದರೆ ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಮೂಗು ಕಟ್ಟುತ್ತದೆ. ಈ ಸಲ ಹಬೆ ತೆಗೆದುಕೊಳ್ಳಲು ಹೊಸ ವೇಪರೈಸರ್ ತಂದೆ. ಮೇಜಿನ ಮೇಲೆ ಇಡುವಂಥದ್ದು. ಎತ್ತರದ, ತೆಳ್ಳನೆಯ ಮೈ. ಬಾಯಿಯ ಸುತ್ತ ಏಳು ಬಣ್ಣ ಬದಲಿಸುವ ದೀಪ. ಬೆಲೆ ಹಳೆಯದರ ಮೂರು ಪಟ್ಟು.

"ಇದರಲ್ಲಿ ಹಬೆ ಜಾಸ್ತಿ ಅಲ್ವಾ?" ಎಂದರು ಅಮ್ಮ. ನನಗೂ ಹಾಗೇ ಕಂಡಿತು. ಆದರೆ ತಿರುಗಿಸಿ ತಳ ನೋಡಿದರೆ ಎರಡರ ಮೇಲೂ 300 ವ್ಯಾಟ್ ಎಂದೇ ಇತ್ತು.

ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. 300 ವ್ಯಾಟ್ ಅಂದರೆ ಸೆಕೆಂಡಿಗೆ 300 ಜೂಲ್. ಹಾಗಾಗಿ ನಿಮಿಷಕ್ಕೆ ಹೆಚ್ಚೆಂದರೆ 8 ಗ್ರಾಂ ಹಬೆ. ದೀಪ ಹಸಿರಾದರೂ ಅಷ್ಟೇ, ನೀಲಿಯಾದರೂ ಅಷ್ಟೇ.

ಮತ್ತೆ ಜಾಸ್ತಿ ಕಂಡಿದ್ದು ಯಾಕೆ? ನಿಜವಾದ ಹಬೆ ಕಣ್ಣಿಗೆ ಕಾಣುವುದೇ ಇಲ್ಲ. ನಮಗೆ ಕಾಣುವ ಬಿಳಿ ಮೋಡ, ಹಬೆ ತಣಿದು ಆದ ಸಣ್ಣ ಸಣ್ಣ ಹನಿಗಳು. ಕೆಳಗಿನಿಂದ ಬೆಳಕು ಬಿದ್ದಾಗ ಆ ಹನಿಗಳು ಅದನ್ನು ಎಲ್ಲ ಕಡೆಗೂ ಚೆದುರಿಸುತ್ತವೆ. ಮೋಡ ದಟ್ಟವಾಗಿ ಕಾಣುತ್ತದೆ. ಮುಂಬಯಿಯ ಮಳೆಗಾಲದ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಹನಿಗಳು ಬೇಗ ಆರುವುದಿಲ್ಲ. ಇದೇ ಯಂತ್ರವನ್ನು ಪುಣೆಯ ಒಣ ಚಳಿಗಾಲದಲ್ಲಿ ಹಚ್ಚಿದರೆ ಮೋಡ ಬೇಗ ಕರಗಿಹೋಗುತ್ತದೆ, ಹಬೆ ಕಡಿಮೆಯಾಗದಿದ್ದರೂ.

ಇನ್ನೊಂದು ಬಗೆಯ ವೇಪರೈಸರ್ ಇದೆ. ಅದರಲ್ಲಿ ಕಾಯಿಲ್ ಇಲ್ಲ. ಎರಡು ಲೋಹದ ಪಟ್ಟಿಗಳ ನಡುವೆ ನೀರಿನ ಮೂಲಕವೇ ಕರೆಂಟ್ ಹರಿದು ನೀರು ಕಾಯುತ್ತದೆ. ಮುಂಬಯಿಯ ನಲ್ಲಿ ನೀರು ಭಾತ್ಸಾ, ತಾನ್ಸಾದಂಥ ಕೆರೆಗಳ ಮಳೆನೀರು. ಅದರಲ್ಲಿ ಉಪ್ಪಿನಂಶ ಕಡಿಮೆ, ಹಬೆಯೂ ಮಂದ. ಚಿಟಿಕೆ ಉಪ್ಪು ಹಾಕಿದರೆ ಹಬೆ ಜೋರಾಗುತ್ತದೆ. ಜಾಸ್ತಿ ಹಾಕಿದರೆ ಬಿಸಿನೀರು ಹೊರಗೆ ಸಿಡಿಯುತ್ತದೆ. ನೋಡಿ, ಒಂದು ಚಿಟಿಕೆ ಉಪ್ಪು ಮಾಡುವ ಕೆಲಸವನ್ನು ಏಳು ಬಣ್ಣ ಸೇರಿದರೂ ಮಾಡಲಾರವು.

ಅಂದ ಬರೀ ದಂಡವಾಗಿದ್ದರೆ ಸುಮ್ನೆ ಇರುತ್ತಿದ್ದೆ. ಮೂರನೇ ದಿನ ಮಗಳು ನೀಲಿ ಬೆಳಕು ಹಿಡಿಯಲು ಕೈ ಚಾಚಿದಳು. ಯಂತ್ರ ಉರುಳಿತು. ಬಿಸಿನೀರು ಮೇಜಿನ ಆ ಬದಿಗೆ ಹರಿಯಿತು, ಅವಳ ಕೈ ಉಳಿಯಿತು. ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲಲು ತುಂಬ ಹೊತ್ತು ಬೇಕಾಯಿತು.

ಆಮೇಲೆ ಸ್ಕೇಲ್ ಹಿಡಿದು ಕೂತೆ. ಹೊಸದರ ತಳ 10 ಸೆಂಟಿಮೀಟರ್ ಅಗಲ. ನೀರು ಮೇಲ್ಭಾಗದಲ್ಲಿ ನಿಲ್ಲುವುದರಿಂದ ಅದರ ಭಾರದ ನಡುಬಿಂದು ಸುಮಾರು 15 ಸೆಂಟಿಮೀಟರ್ ಎತ್ತರದಲ್ಲಿದೆ. ಆ ಬಿಂದು ತಳದ ಅಂಚನ್ನು ದಾಟಿದರೆ ಯಂತ್ರ ಉರುಳಿಬಿಡುತ್ತದೆ. ಹೊಸದಕ್ಕೆ 18 ಡಿಗ್ರಿ ವಾಲಿದರೆ ಸಾಕು. ಹಳೆಯ ಡಬ್ಬಿಯ ತಳ 18 ಸೆಂಟಿಮೀಟರ್, ನಡುಬಿಂದು 6 ಸೆಂಟಿಮೀಟರ್ ಎತ್ತರ. ಅದು 56 ಡಿಗ್ರಿಯವರೆಗೆ ತಡೆಯುತ್ತದೆ. ಹೊಸದನ್ನು ಚೆಂದ ಮಾಡಿದ್ದ ಆ ತೆಳ್ಳನೆಯ ಮೈಯೇ ಅದನ್ನು ಉರುಳಿಸಿದ್ದು.

ಹಬೆಯ ಸುಡುವಿಕೆ ಕುದಿಯುವ ನೀರಿಗಿಂತ ಕೆಟ್ಟದ್ದು. ಚರ್ಮದ ಮೇಲೆ ನೀರಾಗುವ ಒಂದು ಗ್ರಾಂ ಹಬೆ, ಅಷ್ಟೇ ಕುದಿನೀರಿಗಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಶಾಖ ಬಿಡುತ್ತದೆ. 2020ರ ಕೊರೊನಾ ಕಾಲದಲ್ಲಿ, ಹಬೆ ತೆಗೆದುಕೊಳ್ಳಲು ಹೋಗಿ ಸುಟ್ಟುಕೊಂಡ ಮಕ್ಕಳು ಮಾಮೂಲಿಗಿಂತ 30 ಪಟ್ಟು ಹೆಚ್ಚಾಗಿದ್ದಾರೆ ಎಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೈದ್ಯರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಹಬೆಯಿಂದ ಹಾಯೆನಿಸುತ್ತದೆ, ನಿಜ. ಶೀತ ಅದರಿಂದ ಬೇಗ ವಾಸಿಯಾಗುತ್ತದೆ ಎನ್ನಲು ಮಾತ್ರ ಗಟ್ಟಿ ಪುರಾವೆ ಸಿಕ್ಕಿಲ್ಲ. ಅಷ್ಟು ಹಾಯಿಗೋಸ್ಕರ ಮಗುವಿನ ಕೈ ಸುಡುವ ಅಪಾಯ ಯಾಕೆ?

ದೀಪವೇ ಬೇಡ ಎನ್ನುವುದಿಲ್ಲ. ಒಳಗಿನ ನೀರು ಇನ್ನೂ ಬಿಸಿಯಿದೆ ಎಂದು ತಿಳಿಸುವ ಒಂದು ಕೆಂಪು ದೀಪ ಇದ್ದಿದ್ದರೆ ಅದಕ್ಕೆ ಖುಷಿಯಿಂದ ದುಡ್ಡು ಕೊಡುತ್ತಿದ್ದೆ. ನೀರಿನ ಮಟ್ಟ ಕಾಣುವ ಪಾರದರ್ಶಕ ಕಿಟಕಿಗೂ ಅಷ್ಟೇ.

ಈಗ ಹಳೆಯ ಡಬ್ಬಿಯೇ ಮೇಜಿಗೆ ಮರಳಿದೆ. ಹೋದ ವಾರ ತಂಗಿಗೆ ಒಂದು ಕೊಳ್ಳಲು ಅಂಗಡಿಗೆ ಹೋಗಿದ್ದೆ. ಸ್ವಿಚ್ ಹಾಕಿಸಲಿಲ್ಲ. ತಣ್ಣೀರು ತುಂಬಿಸಿ, ಬಾಯಿಯ ಹತ್ತಿರ ಒಂದು ಬೆರಳಿಟ್ಟು ಮೆಲ್ಲಗೆ ತಳ್ಳಿ ನೋಡಿದೆ.