ಡಾಕ್ಟ್ರೇ, ಇದು ಯಾವಾಗ ಹೋಗ್ತದೆ?

ಶಂಕರಪುರದ ಕಡೆಯ ಆ ಅಕ್ಕ ಮೊದಲ ಸಲ ಬಂದಾಗ ಕೈಯಲ್ಲಿ ದಪ್ಪ ಫೈಲು. ಎಕ್ಸ್‌ರೇ, ಎಂಆರ್‌ಐ, ಇಎಸ್‌ಆರ್, ಥೈರಾಯ್ಡ್, ಎಲ್ಲ ನಾರ್ಮಲ್. "ರಿಪೋರ್ಟಿನಲ್ಲಿ ಎಂತದೂ ಇಲ್ಲ. ಹಾಗಾದ್ರೆ ನಾನು ಸುಳ್ಳು ಹೇಳುವುದಾ?" ಎಂದರು.

ಮಲ್ಲಿಗೆ ಕಟ್ಟುವವರು. ಮೊದಲೆಲ್ಲ ಬೆಳಿಗ್ಗೆ ಕೂತರೆ ಒಂದು ಅಟ್ಟೆ ಮುಗಿಸಿಯೇ ಏಳುತ್ತಿದ್ದರು. ಅಟ್ಟೆ ಎಂದರೆ ನಾಲ್ಕು ಚೆಂಡು, ಚೆಂಡಿಗೆ 800 ಹೂ. ಈಗ ಒಂದು ಚೆಂಡಿಗೇ ಹೆಗಲು ಉರಿ. ರಾತ್ರಿಯಿಡೀ ಮಲಗಿ ಎದ್ದರೂ ಮೈ ಜಜ್ಜಿ ಹಾಕಿದ ಹಾಗೆ.

ಇದರ ಹೆಸರು ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ನೋವು, ಸುಸ್ತು ಬಿಡದೆ ಕಾಡುವ ಕಾಯಿಲೆ. ಸುಳ್ಳಲ್ಲ. ನೋವಿನ ಸುದ್ದಿ ಸಾಗಿಸುವ ನರಮಂಡಲದ ವಾಲ್ಯೂಮ್ ಏರಿ ಕೂತಿದೆ, ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ.

ಪೂರ್ತಿ ಹೋಗುತ್ತದಾ? ಹೆಚ್ಚಿನವರಿಗೆ ಇಲ್ಲ ಎಂದೇ ನಾನು ಹೇಳುವುದು. ಸುಮ್ನೆ ಆಸೆ ಹುಟ್ಟಿಸಿದರೆ ಆರು ತಿಂಗಳಿಗೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಎಂಆರ್‌ಐ. ಆದರೆ ಇದು ಕೀಲು ಸವೆಸುವುದಿಲ್ಲ, ಕೈಕಾಲು ಸೊಟ್ಟ ಮಾಡುವುದಿಲ್ಲ. ಏರುತ್ತದೆ, ಇಳಿಯುತ್ತದೆ. ಸ್ಟೀರಾಯ್ಡ್ ಉಪಯೋಗಕ್ಕಿಲ್ಲ. ರಾತ್ರಿ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆ ಕೆಲವರಿಗೆ ನಿದ್ದೆ ಸರಿಮಾಡುತ್ತದೆ. ಎಲ್ಲಕ್ಕಿಂತ ಗಟ್ಟಿ ಆಧಾರ ಇರುವುದು ವ್ಯಾಯಾಮಕ್ಕೆ. ಐದು ನಿಮಿಷದ ನಡಿಗೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸುವುದು.

ಇಲ್ಲೇ ಒಂದು ಎಚ್ಚರ ಬೇಕು. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಮಲಗಿದರೂ ಹೋಗದ ಸುಸ್ತಿನ ಕಾಯಿಲೆ, ಇದರ ಅಕ್ಕಪಕ್ಕದ್ದು, ಒಬ್ಬರಿಗೇ ಎರಡೂ ಇರಬಹುದು. ಅದರಲ್ಲಿ ಇವತ್ತು ಜಾಸ್ತಿ ಓಡಾಡಿದರೆ ನಾಳೆಯೋ ನಾಡಿದ್ದೋ ಹಾಸಿಗೆ ಹಿಡಿಯುತ್ತಾರೆ, ಕೆಲವೊಮ್ಮೆ ವಾರಗಟ್ಟಲೆ. ಅಂಥವರಿಗೆ "ದಿನಾ ಸ್ವಲ್ಪ ಸ್ವಲ್ಪ ಏರಿಸಿ" ಎಂದರೆ ಕೆಡುಕೇ ಆಗಬಹುದು. ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲಿ ಆ ಸಲಹೆಯನ್ನೇ ಕೈಬಿಟ್ಟಿತು. ಸುಸ್ತಾಗುವ ಮೊದಲೇ ನಿಲ್ಲಿಸುವುದು ಈ ಕಾಯಿಲೆಯವರ ದಾರಿ. ಪೂರ್ತಿ ಗುಣವಾಗುವ ದೊಡ್ಡವರು ಕಡಿಮೆ, ಮಕ್ಕಳಲ್ಲಿ ಭರವಸೆ ಹೆಚ್ಚು. ಹಾಗಾಗಿ ವ್ಯಾಯಾಮ ಹೇಳುವ ಮೊದಲು ನಾನು ಕೇಳುವುದು ಒಂದೇ: "ಮಾರನೇ ದಿನ ಹೇಗಿರ್ತದೆ?"

ಈ ಅಕ್ಕನಿಗೆ ಮಾರನೇ ದಿನದ ಕಾಟ ಇರಲಿಲ್ಲ. ಒಂದು ಚೆಂಡು, ಎದ್ದು ತೋಟಕ್ಕೆ ಒಂದು ಸುತ್ತು, ಆಮೇಲೆ ಇನ್ನೊಂದು ಎಂದು ಲೆಕ್ಕ ಹಾಕಿಕೊಂಡೆವು. ಜತೆಗೆ ಬಂದಿದ್ದ ಅತ್ತೆಗೆ ಇದು ಸೋಮಾರಿತನವಲ್ಲ ಎಂದು ಒಪ್ಪಿಸಲಿಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಮೂರು ವರ್ಷವಾಯಿತು. ನೋವು ಇದೆ. ಕಳೆದ ಸಲ ಫೈಲು ಮನೆಯಲ್ಲೇ ಬಿಟ್ಟು ಬಂದಿದ್ದರು. ಈಗ ದಿನಕ್ಕೆ ಮೂರು ಚೆಂಡು. "ಮದುವೆ ಸೀಸನ್ನಿನಲ್ಲಿ ಮಾತ್ರ ನಿಮ್ಮ ಲೆಕ್ಕ ಕೇಳುವುದಿಲ್ಲ ಡಾಕ್ಟ್ರೇ, ಆಗ ಅಲ್ವಾ ರೇಟು ಇರುವುದು" ಎಂದು ನಕ್ಕರು.